ಟೇಬಲ್ ಫ್ಯಾನ್ ಕಾಯುತ್ತಿದ್ದ ಆರ್ಡರ್

ಟೊಂಯ್. ಇವತ್ತಿಗೂ ಆ ಸದ್ದು ನೆನಪಾದರೆ ಕೈ ತಾನಾಗಿಯೇ ಮೌಸ್ ಹುಡುಕುತ್ತದೆ. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಮೊಳಕಾಲ್ಮೂರಿನ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ನಾನು ಆರ್ಡರ್ ಟೈಪ್ ಮಾಡುತ್ತಿದ್ದೆ. ಐದು ನಿಮಿಷ ಮುಟ್ಟದಿದ್ದರೆ ಕಂಪ್ಯೂಟರ್ ಟೊಂಯ್ ಎಂದು ‘ಸೆಷನ್ ಎಕ್ಸ್‌ಪೈರ್ಡ್’ ತೋರಿಸಿ, ಅರ್ಧ ತುಂಬಿದ ಆರ್ಡರನ್ನು ಅಳಿಸಿಹಾಕುತ್ತಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದ ಪೇಷನ್ಸ್ ಪೂರ್ತಿ ಅಲ್ಲೇ ಖರ್ಚಾಯಿತು.

ಚಳ್ಳಕೆರೆಯ ಹೆಡ್ ಆಫೀಸಿಗೆ ಫೋನ್ ಮಾಡಿ, ಅರ್ಧ ಗಂಟೆಯಾದರೂ ಕೊಡಿ ಎಂದೆ.

“ಸೆಕ್ಯೂರಿಟಿ ಮೇಡಂ. ನೀವು ಟೀಗೆ ಹೋದಾಗ ಯಾರಾದ್ರೂ ರೇಟ್ ತಿದ್ದಿದ್ರೆ?” ಎಂದರು ಅಲ್ಲಿಯವರು.

ಆದರೆ ಮದುವೆ ಸೀರೆಯ ಒಡಲು, ಅಂಚು, ಸೆರಗು ಒಂದೊಂದಕ್ಕೂ ಎರಡೂ ಕಡೆಯ ಹಿರಿಯರು ಹೂಂ ಅನ್ನಬೇಕಿತ್ತು. ಐದು ನಿಮಿಷದಲ್ಲಿ ಯಾವ ಸೋದರಮಾವನೂ ಹೂಂ ಅಂದದ್ದಿಲ್ಲ.

ಕೊನೆಗೆ ಅಂಗಡಿಯ ಸಾಹುಕಾರರೇ ಟೇಬಲ್ ಫ್ಯಾನಿನ ಜಾಲರಿಗೆ ಎರಡು ರೇಷ್ಮೆ ಎಳೆ ಬಿಗಿದು ಮೌಸ್ ಕಟ್ಟಿದರು. ಫ್ಯಾನ್ ಕತ್ತು ತಿರುಗಿಸಿದ ಕಡೆಗೆಲ್ಲ ಮೌಸೂ ಹೋಗುತ್ತಿತ್ತು. “ಮಗ್ಗದ ಲಾಳಿ ಇದ್ದಂಗೆ ಓಡಾಡ್ಲಿ ಬಿಡ್ರಿ,” ಎಂದರು. ವಾಟ್ ಎ ಸೈಟ್!

ಒಂದು ಸಂಜೆ ದೇವಸಮುದ್ರದಿಂದ ಮದುವೆ ಗೊತ್ತಾದ ಹುಡುಗಿ ಎರಡೂ ಕಡೆಯ ಹಿರಿಯರ ಜೊತೆ ಬಂದಳು. ಅವಳಿಗೆ ಮಾವಿನ ಚಿಗುರಿನ ಬಣ್ಣವೇ ಬೇಕು. ಅವಳ ಚಿಕ್ಕಮ್ಮನಿಗೆ ನೀಲಿ. ಗಂಡಿನ ಕಡೆಯ ತೆಲುಗು ಅಜ್ಜಿಗೆ ಕೆಂಪು. ಹುಡುಗಿ ಒಬ್ಬೊಬ್ಬರನ್ನೇ ಒಪ್ಪಿಸಿದಳು. ಸೆರಗೊಂದು ಉಳಿದಿತ್ತು, ಕರೆಂಟ್ ಹೋಯಿತು. ಯುಪಿಎಸ್ ಇದ್ದುದರಿಂದ ಕಂಪ್ಯೂಟರ್ ಉಳಿಯಿತು, ಫ್ಯಾನ್ ನಿಂತಿತು. ನಾವೆಲ್ಲ ಮೇಣದಬತ್ತಿ ಹುಡುಕುವಷ್ಟರಲ್ಲಿ ಟೊಂಯ್.

“ಎಲ್ಲಾ ಅಳಿಸಿಹೋಯ್ತು,” ಎಂದೆ.

“ಒಳ್ಳೇದೇ ಆತು ಬಿಡ್ರಿ, ಮೊದ್ಲಿಂದ ನೋಡಾನ,” ಎಂದಳು ಚಿಕ್ಕಮ್ಮ. “ನೀಲೀನೇ ಇರ್ಲಿ.”

“ಎರುಪು,” ಎಂದು ತೆಲುಗಿನಲ್ಲೇ ಮತ್ತೆ ಕೆಂಪು ಕೇಳಿದಳು ಅಜ್ಜಿ.

ಹುಡುಗಿಯ ಸೋದರಮಾವ, ಟೀ ಕುಡಿದು ಬಂದು ಮಾತಾಡಾನ ಎಂದು ಎಲ್ಲರನ್ನೂ ಹೊರಡಿಸಿದ.

ಹುಡುಗಿ ಹಿಂದೆ ಉಳಿದಳು. ಸ್ಟೂಲ್ ಎಳೆದು ನನ್ನ ಪಕ್ಕ ಕೂತು, ಎಳೆ ಬಿಚ್ಚಿ, ತಾನೇ ಮೌಸ್ ಅಲ್ಲಾಡಿಸತೊಡಗಿದಳು. “ನೀವ್ ಒತ್ರಿ ಮೇಡಮ್ಮಾರೆ, ನಾನ್ ಹೇಳ್ತೀನಿ. ಒಡ್ಲು, ಮಾವಿನ ಚಿಗುರು.”

“ನಿಮ್ಮೋರು?”

“ಹೂಂ ಅಂದಿದ್ರಲ್ಲ. ಕರೆಂಟ್ ಹೋದ್ರೆ ಹೂಂನೂ ಹೋಗ್ತೈತೇನ್ರಿ?”

ಪಾಸ್‌ವರ್ಡ್ ಹೊಡೆದು ಎಲ್ಲವನ್ನೂ ಮತ್ತೆ ತುಂಬಿ ಸೇವ್ ಮಾಡಿದೆ. ಸೆರಗನ್ನೂ ಅವಳೇ ಹೇಳಿದಳು. ಟೀ ಮುಗಿಸಿ ಬಂದವರಿಗೆ ಸಾಹುಕಾರರು, “ಆರ್ಡರ್ ಹೋಗೈತ್ರಿ, ಇನ್ನು ತಿದ್ದಾಕ್ ಬರಲ್ಲ,” ಎಂದು ಕೈ ಮುಗಿದರು.

ಅವಳನ್ನು ಕೊನೆಯ ಸಲ ನೋಡಿದ್ದು ಅದೇ ಸಂಜೆ, ನಾನು ಚಳ್ಳಕೆರೆ ಬಸ್ಸಿಗೆ ಕಾಯುತ್ತಿದ್ದಾಗ. ದೇವಸಮುದ್ರದ ಬಸ್ಸಿನೊಳಗೆ ಚಿಕ್ಕಮ್ಮ ಇನ್ನೂ ನೀಲಿ ನೀಲಿ ಎನ್ನುತ್ತಿದ್ದಳು. ಹುಡುಗಿ ಕಿಟಕಿಗೆ ತಲೆ ಆನಿಸಿ, ಕಣ್ಣು ಮುಚ್ಚಿ, ಗಾಢ ನಿದ್ದೆಯಲ್ಲಿರುವವಳಂತೆ ಕೂತಿದ್ದಳು. ಬಾಯಿ ಮಾತ್ರ ಕಡಲೆಬೀಜ ಅಗಿಯುತ್ತಿತ್ತು.