ನಮ್ಮ ಮಂದಿ

ಅಮೆರಿಕದ ಆರಂಭದ ಅಧ್ಯಕ್ಷರೊಬ್ಬರ ಪತ್ರಗಳೆಲ್ಲ ಈಗ ಪುಕ್ಕಟೆಯಾಗಿ ಮೊಬೈಲಿನಲ್ಲೇ ಸಿಗುತ್ತವೆ. ಲಿಂಗಸುಗೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾನು ಪಾಠಕ್ಕೆಂದು ಅವನ್ನು ಹುಡುಕಿ ತೆಗೆದೆ. ಹುಚ್ಚು ಹತ್ತಿದ್ದು ಮಾತ್ರ ಮಸ್ಕಿಯಲ್ಲಿರುವ ಅಪ್ಪನಿಗೆ. ಅವರು ನಿವೃತ್ತ ಮಾಸ್ತರು. ಮನುಷ್ಯರೆಲ್ಲ ಸಮಾನರು ಎಂದು ಯಾವ ದೇಶದವರು ಹೇಳಿದರೂ ಅವರು ಅಪ್ಪನಿಗೆ ಬೀಗರೇ. ಕಣ್ಣಿಗೆ ಪೊರೆ ಬಂದದ್ದರಿಂದ ಓದುವ ಕೆಲಸ ನನ್ನದು, ಕನ್ನಡಕ್ಕೆ ತಿರುಗಿಸುವುದೂ ನನ್ನದೇ.

ಅಧ್ಯಕ್ಷರು ತಮ್ಮ ತೋಟದ ಮೇಲ್ವಿಚಾರಕನಿಗೆ ಬರೆಯುವಾಗ 'ನನ್ನ ಜನ' ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ನಾನು ನಮ್ಮ ಕಡೆಯ ಧಾಟಿಯಲ್ಲಿ 'ನಮ್ಮ ಮಂದಿ' ಎಂದೆ. ಹಾಗೆಂದರೆ ನಮ್ಮಲ್ಲಿ ಬಳಗ, ಮದುವೆಗೆ ಕರೆಯದಿದ್ದರೆ ಮುನಿಸಿಕೊಳ್ಳುವವರು. ಚಳಿ ಬಂತು, ನಮ್ಮ ಮಂದಿಗೆ ಕಂಬಳಿ ಕೊಡು ಎಂದಿದ್ದಾರೆ ಅಂದಾಗ ಅಪ್ಪ ಹಿಗ್ಗಿಹೋದರು. ಬರುವ ಭಾನುವಾರ ಓಣಿಯ ಬುದ್ಧವಿಹಾರದಲ್ಲಿ ಇವರ ಬಗ್ಗೆಯೇ ಮಾತಾಡುತ್ತೇನೆಂದು ಊರಿಗೆಲ್ಲ ಹೇಳಿಬಿಟ್ಟರು.

ಅದೇ ವಾರ, ಸಿಂಧನೂರಿನ ನನ್ನ ಮನೆಯಿಂದ ಹೊರಟು ಬಸ್ ಸ್ಟ್ಯಾಂಡಿನಲ್ಲಿ ಮಸ್ಕಿ ಬಸ್ಸಿಗೆ ಕಾಯುತ್ತ ಮುಂದಿನ ಪತ್ರ ತೆರೆದೆ. ನಮ್ಮ ಮಂದಿಯಲ್ಲಿ ಒಬ್ಬ ಓಡಿಹೋಗಿದ್ದಾನೆ, ಹಿಡಿದು ತರಿಸು ಎಂದಿತ್ತು. ಬಳಗದವನು ಯಾಕೆ ಓಡುತ್ತಾನೆ? ಮತ್ತೆ ಓದಿದೆ. ಮಂದಿ ಎಂದರೆ ಅವರ ಗುಲಾಮರು. ಆ ದೇಶದ ಗುಲಾಮಗಿರಿಯನ್ನು ವರ್ಷವರ್ಷ ಪಾಠ ಮಾಡುವವಳು ನಾನು. ಕಂಬಳಿ ಯಾರಿಗೆಂದು ಹೊಳೆದಿರಲಿಲ್ಲ. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ.

ಮುಂದಿನ ಬಸ್ಸಿಗೆ ಮಸ್ಕಿಗೆ ಹೋಗಿ ಅಪ್ಪನ ಎದುರು ಕುಳಿತಾಗ ಏನಾದರೂ ಸುಳ್ಳು ಹೇಳೋಣ ಎನಿಸಿತು. ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದೆ. ಅಪ್ಪ ಹೇಳಿದರು: ತಮ್ಮ ಅಜ್ಜ ಜೀತಕ್ಕಿದ್ದ ಗೌಡರ ಮನೆಯಲ್ಲೂ ಅವನನ್ನು 'ನಮ್ಮ ಮಂದಿ' ಎಂದೇ ಕರೆಯುತ್ತಿದ್ದರಂತೆ. ಮುತ್ತಜ್ಜ ಜೀತಕ್ಕಿದ್ದದ್ದು ನನಗೆ ಗೊತ್ತಾದದ್ದೇ ಅಂದು.

"ಅಂವನ ಹೆಸರು ಐತೇನು ಅದರಾಗ?" ಎಂದು ಅಪ್ಪ ಕೇಳಿದರು.

"ಅಧ್ಯಕ್ಷರದಾ?"

"ಓಡಿ ಹೋದಂವಂದು."

ಇತ್ತು. ಹೇಳಿದೆ. ಆ ಹೆಸರನ್ನು ಅಪ್ಪ ತುಟಿಯಲ್ಲೇ ಅಂದುಕೊಂಡರು.

"ಸಿಕ್ಕನೇನು?"

"ಮುಂದಿನ ಪತ್ರದಾಗ ಇರಬೇಕಪ್ಪ. ಇನ್ನಾ ಓದಿಲ್ಲ."

"ಓದಬ್ಯಾಡ ಬಿಡವಾ."

ಭಾನುವಾರ ಅಪ್ಪ ವಿಹಾರದಲ್ಲಿ ಮಾತಾಡಿದರು. ಅಧ್ಯಕ್ಷರ ಹೆಸರು ಎತ್ತಲಿಲ್ಲ. ಓಡಿಹೋದವನ ಹೆಸರು ಹೇಳಿ, ಅವನು ಇನ್ನೂ ದಾರಿಯಲ್ಲಿದ್ದಾನೆ ಎಂದು ಕುಳಿತರು.