ಅವ್ವನ ಮುಖ ಬರೆಯಹೋದವನು

ಬಸವಣ್ಣೆಪ್ಪನ ಕಸುಬು ಸತ್ತವರ ಚಿತ್ರ ಬರೆಯುವುದು. ಬೈಲಹೊಂಗಲದ ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿಯಿತ್ತು. ತೊಂಬತ್ತರ ದಶಕದ ಆರಂಭದಲ್ಲೂ ಎಷ್ಟೋ ಮನೆಗಳಲ್ಲಿ ಮುದುಕಿಯರ ಫೋಟೊ ಇರುತ್ತಿರಲಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಮರೆಯಾದ ಮುಖ ತೋರಿಸಿ, ಇವರೇ ನಮ್ಮ ತಾಯಿ ಎಂದು ಜನ ಕೊಟ್ಟುಹೋಗುತ್ತಿದ್ದರು. ಅವನು ಭೂತಗನ್ನಡಿ ಹಿಡಿದು ಅದನ್ನು ನೋಡಿ, ಮಕ್ಕಳ ಮೂಗು, ಗದ್ದ ಗಮನಿಸಿ, ಎಣ್ಣೆಬಣ್ಣದಲ್ಲಿ ದೊಡ್ಡದಾಗಿ ಬರೆದುಕೊಡುತ್ತಿದ್ದ.

ಅವನ ಸ್ವಂತ ತಾಯಿಯದು ಅಂಥ ಅರ್ಧ ಮುಖವೂ ಇರಲಿಲ್ಲ. ಹುಟ್ಟೂರು ತೊರಗಲ್ಲಿನಲ್ಲಿ ಅವನು ತೀರ ಚಿಕ್ಕವನಿದ್ದಾಗ ಆಕೆ ಬಾಣಂತಿ ಬೇನೆಯಿಂದ ತೀರಿಕೊಂಡಿದ್ದಳು. ರೊಟ್ಟಿ ಬಡಿಯುವ ಕೈ, ಹಿಟ್ಟು ಹತ್ತಿದ ಬಳೆ ಅವನಿಗೆ ನೆನಪಿದ್ದವು. ಮುಖ ಮಾತ್ರ ನೆನಪಿಗೆ ಬರುತ್ತಿರಲಿಲ್ಲ.

ತೊರಗಲ್ಲಿನಲ್ಲೇ ಉಳಿದಿದ್ದ ಅಕ್ಕ ಶಟ್ಟೆವ್ವನಿಗೆ ಅದು ಚೆನ್ನಾಗಿ ನೆನಪಿತ್ತು. ಆಕೆ ಹೇಳುವಳು, ಇವನು ಬರೆಯುವನು. ದಟ್ಟ ಹುಬ್ಬು ಎಂದರೆ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳ ಹುಬ್ಬು ನೋಡಿ ಬರುವನು. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದಳು ಎಂದರೆ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವ ಹೆಂಗಸರನ್ನು ಗಮನಿಸುವನು. ಬರೆದು ಒಯ್ದಾಗಲೆಲ್ಲ ಶಟ್ಟೆವ್ವ, ಹತ್ತಿರ ಬಂದಿದೆ, ಆದರೆ ಆಕೆ ಅಲ್ಲ ಎನ್ನುತ್ತಿದ್ದಳು.

ಹೀಗೆ ವರ್ಷಗಳು ಕಳೆದವು. ಒಮ್ಮೆ ನೇಸರಗಿಯ ವೀರಪ್ಪ ತನ್ನ ತಾಯಿಯ ಚಿತ್ರ ಒಯ್ಯಲು ಬಂದವನು ಬಹಳ ಹೊತ್ತು ನೋಡಿದ.

“ಛಲೋ ಬರದೀರಿ. ಆದರ ಇದು ನಮ್ಮವ್ವ ಅಲ್ರಿ. ಬ್ಯಾರೆ ಯಾರೋ ಅದಾರ.”

ಚಿತ್ರವನ್ನು ಅಲ್ಲೇ ಬಿಟ್ಟು ಹೋದ. ಬಸವಣ್ಣೆಪ್ಪ ಅಂಗಡಿಯಲ್ಲಿದ್ದ ಉಳಿದ ಚಿತ್ರಗಳನ್ನು ಸಾಲಾಗಿ ನಿಲ್ಲಿಸಿದ. ಎಲ್ಲ ಮುದುಕಿಯರಿಗೂ ಅವ್ವನಿಗೆಂದು ಬರೆದ ಅದೇ ಹುಬ್ಬು, ಅದೇ ಕಿರಿದಾದ ಕಣ್ಣು. ತಿದ್ದಲು ಕುಳಿತ, ಕೈ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಊರಲ್ಲಿ ಕಂಪ್ಯೂಟರ್ ಇದ್ದ ಸ್ಟುಡಿಯೊ ತೆರೆದ ಮೇಲಂತೂ ಜನ ಅವನ ಕಡೆ ಬರುವುದನ್ನೇ ಬಿಟ್ಟರು.

ಅವ್ವನದೆಂದು ಅವನು ಕೊನೆಗೆ ಒಯ್ದ ಚಿತ್ರ ನೋಡಿ ಶಟ್ಟೆವ್ವ ಅತ್ತಳು. ಇದು ಅವ್ವನೇ ಎಂದು ಗೋಡೆಗೆ ಹಾಕಿಸಿದಳು. ಜೀವನದಲ್ಲಿ ಇದೊಂದಾದರೂ ಆಯಿತಲ್ಲ ಎಂದುಕೊಂಡು ಅವನು ಮರಳಿದ. ಮುಂದಿನ ವರ್ಷ ಹೋದಾಗ ಗದ್ದ ಸ್ವಲ್ಪ ಉದ್ದವಾಯಿತೇನೋ ಎನಿಸಿ, ಅಕ್ಕನನ್ನು ಕೇಳಿದ. ಆಕೆ ಚಿತ್ರದ ಕಡೆ ನೋಡಲಿಲ್ಲ.

“ನನಗ ಈಗ ತಿಳಿಯೂದಿಲ್ಲೋ ತಮ್ಮಾ. ಮೊದಲ ಕಣ್ಣ ಮುಚ್ಚಿದರ ಅವ್ವ ಬರತಿದ್ಲು. ದಿನಾ ಇದನ್ನ ನೋಡಿ ನೋಡಿ, ಈಗ ಇದಾ ಬರತೈತಿ. ಆಕಿ ಬರೂದಿಲ್ಲ.”

ತೆಗೆದುಬಿಡಲೇ ಎಂದು ಅವನು ಕೇಳಿದ.

“ಇರಲಿ ಬಿಡು. ತಗದರ ಇಷ್ಟೂ ಉಳಿಯೂದಿಲ್ಲ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಮಾತ್ರ ಅವಳು ಬಡಿಸಿದ ಊಟ ಸೇರಲಿಲ್ಲ. ಬೈಲಹೊಂಗಲಕ್ಕೆ ಬಂದು ಅಂಗಡಿ ಮುಚ್ಚಿದ. ಕಬ್ಬಿಣದ ಗೇಟು ಮಾಡುವವರಲ್ಲಿ ಕೆಂಪು ಬಣ್ಣ ಬಳಿಯುವ ಕೆಲಸಕ್ಕೆ ಸೇರಿಕೊಂಡ.

ಎರಡು ಸಾವಿರದ ಎಂಟರಲ್ಲಿ ಶಟ್ಟೆವ್ವ ಸತ್ತಳು. ಅವಳ ಚಿತ್ರ ನೀವೇ ಬರೆಯಬೇಕು ಎಂದು ಮನೆಯವರು ಕೇಳಿದಾಗ, ಇದ್ದ ಫೋಟೊವನ್ನೇ ಸ್ಟುಡಿಯೊದಲ್ಲಿ ದೊಡ್ಡದು ಮಾಡಿಸಿರಿ ಎಂದುಬಿಟ್ಟ. ಮಾಡಿಸಿ ತಂದ ಫೋಟೊದಲ್ಲಿ ಅವಳ ಮುಖ ಬೆಳ್ಳಗಾಗಿತ್ತು. ಹಣೆಯ ಮೇಲಿನ ಹಳೆಯ ಗಾಯದ ಗುರುತು ಅಳಿಸಿಹೋಗಿತ್ತು. ಛಲೋ ಬಂದಿದೆ ಎಂದು ಎಲ್ಲರೂ ಅಂದರು. ಅವನೂ ಹೂಂ ಅಂದ.