ನಲವತ್ತೆಂಟು ಬೇಡ, ಹದಿನಾರು ಸಾಕು

ಬೆಸುಗೆ ಸರಿಯಿಲ್ಲ ಎಂದು ಒಬ್ಬ ಹುಡುಗಿಗೆ ಹೇಳುವುದು ಬಹಳ ಸುಲಭ. ಎಂಬತ್ತರ ದಶಕದ ನಡುವಿನಲ್ಲಿ, ಮಂಗಳೂರಿನ ಉರ್ವದ ಹಿಟ್ಟಿನ ಗಿರಣಿಯೊಂದರ ಮಹಡಿಯಲ್ಲಿದ್ದ ನಮ್ಮ ಪುಟ್ಟ ಇಲೆಕ್ಟ್ರಾನಿಕ್ಸ್ ಘಟಕದಲ್ಲಿ ಮಾಲೀಕರು ನನಗೆ ಅದನ್ನು ಮೂರು ಸಲ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ, ದೋಷಗಳ ರಿಜಿಸ್ಟರಿನಲ್ಲಿ ಮೂರು ಸಲವೂ 'ಬೆಸುಗೆ ದೋಷ' ಎಂದು ಬರೆದು ಪಕ್ಕದಲ್ಲಿ ನನ್ನ ಹೆಸರಿನ ಮೊದಲಕ್ಷರ ಹಾಕಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾವು ಮಾಡುತ್ತಿದ್ದದ್ದು ಹೆಂಚಿನ ಕಾರ್ಖಾನೆಯ ಗೂಡಿನ ಬಿಸಿಯನ್ನು ಅಂಕಿಯಲ್ಲಿ ತೋರಿಸುವ ಪೆಟ್ಟಿಗೆ. ಸರ್ಕ್ಯೂಟಿನ ನಕ್ಷೆ ಮಾಲೀಕರದು. ಬೋರ್ಡು ಜೋಡಿಸಿ ಪರೀಕ್ಷಿಸುವುದು ಡಿಪ್ಲೊಮಾ ಮುಗಿಸಿ ಬಂದಿದ್ದ ನನ್ನ ಕೆಲಸ. ಆ ಪೆಟ್ಟಿಗೆ ಎರಡು ದಿನ ನೆಟ್ಟಗಿದ್ದು, ಮೂರನೆಯ ದಿನ ಇದ್ದಕ್ಕಿದ್ದಂತೆ ಸೊನ್ನೆ ತೋರಿಸಿ ಕೂರುತ್ತಿತ್ತು. ಧಗಧಗ ಉರಿಯುವ ಗೂಡಿನ ಬಿಸಿ ಸೊನ್ನೆಯಂತೆ! ವಾಪಸು ತಂದು ನಮ್ಮ ಮೇಜಿನ ಮೇಲಿಟ್ಟರೂ ಅದೇ ಕಥೆ, ಬರಬರುತ್ತ ದಿನಕ್ಕೆ ಹತ್ತಾರು ಸಲ. ಮಾಲೀಕರು ಮೊದಲು ಗಿರಣಿಯ ಮೋಟಾರನ್ನು ಬೈದರು, ಆಮೇಲೆ ಮಂಗಳೂರಿನ ಕರೆಂಟನ್ನು, ಕೊನೆಗೆ ನನ್ನನ್ನು. ನಾನು ಪ್ರತಿಯೊಂದು ಬೆಸುಗೆಯನ್ನೂ ಬಿಚ್ಚಿ ಮತ್ತೆ ಹಾಕಿದೆ. ಸೊನ್ನೆ ಮಾತ್ರ ಹೋಗಲಿಲ್ಲ.

ಕೊನೆಗೆ ಅವರು ಲಾಜಿಕ್ ಅನಲೈಸರ್ ಕೊಳ್ಳಲು ಹೊರಟರು. ಬೋರ್ಡಿನ ತಂತಿಗಳಲ್ಲಿ ಸೊನ್ನೆ, ಒಂದು ಹೇಗೆ ಓಡಾಡುತ್ತವೆ ಎಂದು ಪರದೆಯ ಮೇಲೆ ಸಾಲಾಗಿ ಗೆರೆ ಎಳೆದು ತೋರಿಸುವ ಯಂತ್ರವದು.

"ಅದರಲ್ಲಿಯೂ ಎಂತದೂ ಸಿಗದಿದ್ರೆ ನೀನು ಇನ್ನು ಬೋರ್ಡ್ ಮುಟ್ಲಿಕ್ಕಿಲ್ಲ ಮಾರಾಯ್ತಿ, ಆಫೀಸಲ್ಲಿ ಟೈಪ್ ಮಾಡು" ಎಂದರು. ಟೈಪ್ ಮಾಡಲು ನಾನು ಡಿಪ್ಲೊಮಾ ಓದಿರಲಿಲ್ಲ.

ಬೆಂಗಳೂರಿನಿಂದ ಬಂದ ಮಾರಾಟಗಾರ ಎರಡು ಯಂತ್ರ ತಂದಿದ್ದ. ದೊಡ್ಡದು ನಲವತ್ತೆಂಟು ತಂತಿಗಳನ್ನು ಒಟ್ಟಿಗೆ ನೋಡುತ್ತಿತ್ತು, ಚಿಕ್ಕದು ಬರೀ ಹದಿನಾರನ್ನು. ಬೆಲೆ ಹೆಚ್ಚುಕಡಿಮೆ ಒಂದೇ. ಅವನು ತನ್ನದೇ ಬೋರ್ಡೊಂದನ್ನು ದೊಡ್ಡದಕ್ಕೆ ಸಿಕ್ಕಿಸಿದ. ಪರದೆಯ ತುಂಬ ಚೆಂದದ ಗೆರೆಗಳು. ಮಾಲೀಕರ ಮುಖ ಅರಳಿತು.

ನಾನು ಎರಡರ ಪುಸ್ತಿಕೆಗಳನ್ನೂ ಮೊದಲೇ ಮನೆಗೆ ಒಯ್ದು ಓದಿದ್ದೆ. ದೊಡ್ಡದು ತಂತಿಯನ್ನು ಸೆಕೆಂಡಿಗೆ ಎರಡು ಕೋಟಿ ಸಲ ನೋಡುತ್ತದೆ, ಚಿಕ್ಕದು ಹತ್ತು ಕೋಟಿ ಸಲ. ಅಷ್ಟೇ ಅಲ್ಲ, ಎರಡು ನೋಟಗಳ ನಡುವೆ ಏನಾದರೂ ನುಸುಳಿ ಹೋದರೆ ಚಿಕ್ಕದು ಅದನ್ನೂ ಹಿಡಿದಿಡುತ್ತದೆ. ನನ್ನ ಬೋರ್ಡಿನಲ್ಲಿ ಅಂಥದ್ದೇ ಏನೋ ನುಸುಳುತ್ತಿದೆ ಎಂದು ನನಗೆ ಬಲವಾದ ಗುಮಾನಿ.

"ನಿಮ್ಮ ಬೋರ್ಡ್ ತೆಗೀರಿ, ನಮ್ಮದು ಇಡ್ತೇನೆ" ಎಂದೆ.

"ಮೇಡಂ, ನಿಮ್ಮದು ಕೆಟ್ಟಿದೆಯಲ್ಲ?" ಎಂದ ಮಾರಾಟಗಾರ.

"ಕೆಟ್ಟದ್ದು ಅಂತಲೇ ಇಡುವುದು. ನನ್ನ ಅಮ್ಮ ಕಿವಿರು ಎತ್ತಿ ನೋಡದೆ ಬಂಗುಡೆ ಮೀನು ಸಹ ತೆಗೊಳ್ಳುವುದಿಲ್ಲ."

ದೊಡ್ಡ ಯಂತ್ರ ಅರ್ಧ ಗಂಟೆ ನೋಡಿತು. ಎಲ್ಲ ಗೆರೆಗಳೂ ಶುದ್ಧ. ಆ ಅರ್ಧ ಗಂಟೆಯಲ್ಲೇ ಪೆಟ್ಟಿಗೆ ಒಂದು ಸಲ ಸೊನ್ನೆಗೆ ಬಿತ್ತು, ಪರದೆಯಲ್ಲಿ ಮಾತ್ರ ಕಾರಣದ ಸುಳಿವೇ ಇಲ್ಲ.

"ನೋಡು, ನಕ್ಷೆಯಲ್ಲಿ ಎಂತ ತಪ್ಪೂ ಇಲ್ಲ. ಬೆಸುಗೆಯೇ" ಎಂದರು ಮಾಲೀಕರು. "ದೊಡ್ಡದನ್ನೇ ತೆಗೊಳ್ಳುವ. ಪರೀಕ್ಷೆ ಆಯ್ತು ಅಂತ ಸಹಿ ಹಾಕು."

"ಹಾಕುವುದಿಲ್ಲ ಸಾರ್. ಚಿಕ್ಕದರಲ್ಲಿಯೂ ನೋಡ್ಬೇಕು."

ಅವರಿಗೆ ಯಾರೂ ಹಾಗೆ ಹೇಳಿದ್ದಿಲ್ಲವೇನೋ. ಅವರು ಬಾಯಿ ತೆರೆಯುವ ಮೊದಲೇ ನಾನು ಚಿಕ್ಕ ಯಂತ್ರದ ಕ್ಲಿಪ್ಪುಗಳನ್ನು ಬೋರ್ಡಿಗೆ ಕಚ್ಚಿಸಿದ್ದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಅಂಕಿಗಳನ್ನು ಸೊನ್ನೆ ಮಾಡುವ ತಂತಿಯ ಮೇಲೆ, ಏನೂ ಇರಬಾರದ ಜಾಗದಲ್ಲಿ, ಸೂಜಿಯಷ್ಟು ಸಣ್ಣ ಗೆರೆಯೊಂದು ಎದ್ದು ನಿಂತಿತು. ಎಣಿಕೆಯ ಐಸಿ ಚಿಪ್ ಒಂದು ಅಂಕಿಯಿಂದ ಇನ್ನೊಂದಕ್ಕೆ ಜಿಗಿಯುವಾಗಲೆಲ್ಲ ಅದು ಹುಟ್ಟುತ್ತಿತ್ತು. ಸ್ವಲ್ಪ ಅಗಲವಾಗಿ ಬಂದಾಗ ಪೆಟ್ಟಿಗೆ ಸೊನ್ನೆ. ಆ ಐಸಿಯ ಅಂಕಿಗಳಿಂದಲೇ ಸೊನ್ನೆಯ ಸಂಕೇತ ಹೊರಡುವಂತೆ ನಕ್ಷೆ ಬರೆದರೆ ಚಿನ್ನದಿಂದ ಬೆಸುಗೆ ಹಾಕಿದರೂ ಅದು ಹುಟ್ಟುತ್ತದೆ.

ಮಾಲೀಕರು ನಕ್ಷೆ ಬಿಚ್ಚಿ ಆ ತಂತಿಯ ಗೆರೆಯ ಮೇಲೆ ಬೆರಳಾಡಿಸಿದರು. ಮಾರಾಟಗಾರ ಅಗತ್ಯವಿಲ್ಲದಿದ್ದರೂ ತನ್ನ ಬೋರ್ಡು ಒರೆಸತೊಡಗಿದ. ನನಗೆ ಖುಷಿಯಾಯಿತು, ಯಾಕೆ ಮುಚ್ಚಿಡಲಿ, ಕುಣಿಯುವಷ್ಟು ಖುಷಿಯಾಯಿತು.

"ಚಿಕ್ಕದು ಇರಲಿ" ಎಂದು ಅವರು ಎದ್ದರು. ನಾನು ಸಹಿ ಹಾಕಿದೆ. ಮರುದಿನ ತಿದ್ದಿದ ನಕ್ಷೆ ನನ್ನ ಮೇಜಿನ ಮೇಲಿತ್ತು. ರಿಜಿಸ್ಟರಿನಲ್ಲಿ ಮಾತ್ರ ನನ್ನ ಮೊದಲಕ್ಷರ ಹಾಗೇ ಇತ್ತು.

ಇಷ್ಟಕ್ಕೇ ಸುಮ್ಮನಾಗಿದ್ದರೆ ನಾನು ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳುತ್ತಿದ್ದೆ. ರಿಜಿಸ್ಟರ್ ಒಯ್ದು ಅವರ ಮುಂದೆ ಬಿಚ್ಚಿಟ್ಟೆ.

"ಹಳೆಯದೆಲ್ಲ ಎಂತಕ್ಕೆ ಈಗ? ಬಿಡು ಮಾರಾಯ್ತಿ."

"ನನ್ನ ಹೆಸರು ಉಂಟಲ್ಲ ಸಾರ್ ಅದರಲ್ಲಿ."

ಕೆಳಗೆ ಗಿರಣಿ ಶುರುವಾಯಿತು, ನೆಲ ಅದುರಿತು. ನಾನು ಕದಲಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು. ಮೂರು ಕಡೆಯೂ 'ಬೆಸುಗೆ'ಯನ್ನು ಹೊಡೆದುಹಾಕಿ 'ನಕ್ಷೆ' ಎಂದು ಬರೆದರು. ನನ್ನ ಮೊದಲಕ್ಷರದ ಮೇಲೂ ಗೆರೆ ಎಳೆದರು. ಪೆನ್ನು ಅಲ್ಲಿಗೆ ನಿಂತಿತು.

"ನಿಮ್ಮದು ಹಾಕಿ ಸಾರ್" ಎಂದೆ.

ಹಾಕಿದರು.